ಅಪ್‌ಡೇಟ್: ಪ್ಲಂಬಿಂಗ್ ಸಬ್ ಕಾಂಟ್ರಾಕ್ಟರ್‌ಗೆ ಸಾಲ ಸಿಕ್ಕಿತು

ಬಿಲ್ ದುಡ್ಡು ಬರೋದು ತಡ, ಪೈಪು-ಕೂಲಿಗೆ ಈಗಲೇ ಬೇಕು, ಅಡವಿಡಲು ಸೈಟಿಲ್ಲ, ಸಾಲ ಹೇಗೆ ಸಿಗುತ್ತೆ ಅಂತ ಕೇಳಿದ್ದೆನಲ್ಲ? ಸಿಜಿಟಿಎಂಎಸ್‌ಇ (ಅಡವಿಲ್ಲದ ಸಣ್ಣ ಉದ್ಯಮ ಸಾಲಕ್ಕೆ ಬ್ಯಾಂಕಿಗೆ ಖಾತರಿ ಕೊಡುವ ಟ್ರಸ್ಟ್) ಗ್ಯಾರಂಟಿ ಮೇಲೆ ಬ್ಯಾಂಕಿನಲ್ಲಿ ಸಿಸಿ ಲಿಮಿಟ್ (ಬೇಕಾದಾಗ ತೆಗೆದು, ದುಡ್ಡು ಬಂದಾಗ ಕಟ್ಟುವ ಸಾಲದ ಮಿತಿ) ಮಂಜೂರಾಯಿತು. ಮೊದಲು ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡಿಸಿ ಅಂದವರಿಗೆ ಥ್ಯಾಂಕ್ಸ್. ಟ್ರೆಡ್ಸ್ ಅನ್ನೋ ಆನ್‌ಲೈನ್ ವೇದಿಕೆಯಲ್ಲಿ ಬಿಲ್ ಡಿಸ್ಕೌಂಟ್ ಮಾಡುವ (ಬಾಕಿ ಬಿಲ್ ಮೇಲೆ ಸ್ವಲ್ಪ ಮುರಿದುಕೊಂಡು ಮೊದಲೇ ದುಡ್ಡು ಪಡೆಯುವ) ಸಲಹೆ ನಡೆಯಲಿಲ್ಲ. ಅಲ್ಲಿ ಮೇನ್ ಕಾಂಟ್ರಾಕ್ಟರ್ ಬಿಲ್ ಒಪ್ಪಬೇಕು. ನಮ್ಮ ಮೇನ್ ಕಾಂಟ್ರಾಕ್ಟರ್ ಟ್ರೆಡ್ಸ್‌ಗೆ ಸೇರಿಯೇ ಇಲ್ಲ.

ಬ್ಯಾಂಕ್ ಮ್ಯಾನೇಜರ್ ವರ್ಕ್ ಆರ್ಡರ್ ಮೇಲೆ ಸುಮ್ನೆ ಕಣ್ಣಾಡಿಸಿದರು. ಜಾಸ್ತಿ ಹೊತ್ತು ನೋಡಿದ್ದು 26ಎಎಸ್, ಅಂದರೆ ನಮ್ಮ ಬಿಲ್‌ನಿಂದ ಮೊದಲೇ ಕಟ್ ಆದ ತೆರಿಗೆ (ಟಿಡಿಎಸ್) ತೋರಿಸುವ ಪಟ್ಟಿ. ಸ್ವಂತ ಹೆಸರಲ್ಲಿ ಕೆಲಸ ಮಾಡುವವರಿಗೆ 1% ಟಿಡಿಎಸ್ ಕಟ್ ಆಗುತ್ತಲ್ವಾ, ಅದರಿಂದ ವಹಿವಾಟು ಲೆಕ್ಕ ಹಾಕಿ, ಜಿಎಸ್‌ಟಿ ರಿಟರ್ನ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ತಾಳೆ ನೋಡಿದರು. ಆಶ್ಚರ್ಯ ಅಂದರೆ, ರಿಟೆನ್ಶನ್ ದುಡ್ಡನ್ನು (ಕೆಲಸ ಸರಿಯಿದೆ ಅಂತ ಖಾತ್ರಿಯಾಗೋವರೆಗೆ ಬಿಲ್‌ನಲ್ಲಿ ಹಿಡಿದಿಡುವ ಪಾಲು) ಬರಬೇಕಾದ ಬಾಕಿಯಲ್ಲಿ ಸೇರಿಸಲೇ ಇಲ್ಲ. 90 ದಿನ ದಾಟಿದ ಆರ್‌ಎ ಬಿಲ್‌ಗಳನ್ನೂ (ಕೆಲಸ ನಡೆಯುತ್ತಿರುವಾಗ ಹಂತಹಂತವಾಗಿ ಹಾಕುವ ಬಿಲ್) ಬಿಟ್ಟರು. ಎಂಜಿನಿಯರ್ ಸಹಿ ಇರುವ ಮೆಷರ್‌ಮೆಂಟ್ ಶೀಟ್ (ಮಾಡಿದ ಕೆಲಸದ ಅಳತೆ ಪಟ್ಟಿ) ತಪ್ಪದೆ ಬಿಲ್ ಜೊತೆಗಿಡಿ. ಸಹಿ ಇಲ್ಲದ ಬಿಲ್ ಅವರಿಗೆ ಬಿಲ್ಲೇ ಅಲ್ಲ.