ತಿಂಗಳಿಗೊಂದೇ ಇಂಜೆಕ್ಷನ್ ಸಾಕಾಗುವ ರಕ್ತಹೀನತೆ ಔಷಧ: ಈ ಸಣ್ಣ ಬಯೋಟೆಕ್ ಷೇರಿನಲ್ಲಿ ಹುರುಳಿದೆಯೇ?

ಹಸಿರುಕ್ಯಾಂಡಲ್ (ಪ್ರಶ್ನೆ):
ನಾಸ್ಡಾಕ್‌ನಲ್ಲಿರುವ ಒಂದು ಪುಟ್ಟ ಬಯೋಟೆಕ್ ಬಗ್ಗೆ ಕೇಳಬೇಕಿತ್ತು. ಹೆಸರು ಹಾಕಲ್ಲ, ಹಾಕಿದರೆ ಷೇರು ಏರಿಸೋಕೆ ಬಂದಿದ್ದಾನೆ ಅಂತೀರಿ. ಇರುವುದು ಒಂದೇ ಔಷಧ: ಪೆಗ್ (ಔಷಧ ದೇಹದಲ್ಲಿ ಹೆಚ್ಚು ಕಾಲ ಉಳಿಯಲು ಅಂಟಿಸುವ ಪಾಲಿಮರ್) ಜೋಡಿಸಿದ ಎರಿತ್ರೊಪೊಯೆಟಿನ್, ಅಂದರೆ ಕೆಂಪುಕಣ ಹುಟ್ಟಿಸುವ ಹಾರ್ಮೋನ್. ಕಿಡ್ನಿ ಕಾಯಿಲೆಯವರ ರಕ್ತಹೀನತೆಗೆ, ತಿಂಗಳಿಗೊಮ್ಮೆ ಚರ್ಮದಡಿ ಕೊಡುವಂಥದ್ದು. ಎರಡನೇ ಹಂತದ ಟ್ರಯಲ್ ಮುಗಿದಿದೆ, ಸರಾಸರಿ ಹಿಮೋಗ್ಲೋಬಿನ್ 10–11ರ ನಡುವೆ ನಿಂತಿದೆ. ಕೈಯಲ್ಲಿ 48 ಮಿಲಿಯನ್ ಡಾಲರ್, ತ್ರೈಮಾಸಿಕಕ್ಕೆ 9 ಮಿಲಿಯನ್ ಖರ್ಚು, ಮಾರುಕಟ್ಟೆ ಮೌಲ್ಯ 110 ಮಿಲಿಯನ್, ಸಾಲ ಇಲ್ಲ. ವಾರಕ್ಕೆ ಮೂರು ಸೂಜಿಯ ಜಾಗದಲ್ಲಿ ತಿಂಗಳಿಗೊಂದು ಸಾಕೆಂದರೆ ಯಾರು ತಾನೇ ಬೇಡ ಅಂತಾರೆ? ಮತ್ತೆ ಇಷ್ಟು ಅಗ್ಗಕ್ಕೆ ಯಾಕೆ ಬಿದ್ದಿದೆ?

ಕೆಂಪುಕಣ:
ಮೊದಲನೆಯದಾಗಿ, ತಿಂಗಳಿಗೊಮ್ಮೆ ಅನ್ನುವುದು ಹೊಸದೇನಲ್ಲ. 1989ರಲ್ಲಿ ಬಂದ ಎರಿತ್ರೊಪೊಯೆಟಿನ್ ಔಷಧ ಎಪೊಜೆನ್‌ನ ಹಾಫ್ ಲೈಫ್ (ರಕ್ತದಲ್ಲಿ ಅರ್ಧಕ್ಕೆ ಇಳಿಯುವ ಸಮಯ) ಕಿಡ್ನಿ ರೋಗಿಗಳಲ್ಲಿ, ನರಕ್ಕೆ ಕೊಟ್ಟಾಗ, 4ರಿಂದ 13 ಗಂಟೆ. 2001ರ ಅರಾನೆಸ್ಪ್‌ನಲ್ಲಿ ಅಣುವಿಗೆ ಅಂಟಿದ ಸಕ್ಕರೆ ಸರಪಳಿಗಳು ಮೂರಿದ್ದದ್ದು ಐದಾಗಿ ಅದು ಸುಮಾರು 21 ಗಂಟೆಗೆ ಏರಿತು. ರೋಶ್‌ನ ಮಿರ್ಸೆರಾ 2007ರಲ್ಲೇ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಒಪ್ಪಿಗೆ ಪಡೆಯಿತು. ಅದರದು 130 ಗಂಟೆಗೂ ಮೇಲೆ, ಡೋಸ್ ತಿಂಗಳಿಗೊಮ್ಮೆ. ಎಪೊಜೆನ್ ತಯಾರಕ ಆಮ್‌ಜೆನ್ ಪೇಟೆಂಟ್ ದಾವೆ ಗೆದ್ದದ್ದರಿಂದ 2014ರವರೆಗೆ ಅಮೆರಿಕದಲ್ಲಿ ಮಾರಲು ಆಗಲಿಲ್ಲ, ಅಷ್ಟೇ. ನಿಮ್ಮ ಕಂಪನಿ ಎದುರಿಸಬೇಕಾದದ್ದು ವಾರಕ್ಕೆ ಮೂರು ಸೂಜಿಯನ್ನಲ್ಲ, ಮಿರ್ಸೆರಾವನ್ನು.

ಇನ್ನು ಕೊಳ್ಳುವವರು ಯಾರು ಅಂತ ನೋಡಿ. ಡಯಾಲಿಸಿಸ್ ಕೇಂದ್ರಕ್ಕೆ ರೋಗಿ ಹೇಗೂ ವಾರಕ್ಕೆ ಮೂರು ಸಲ ಬರುತ್ತಾರೆ, ನರ್ಸ್ ಅದೇ ಟ್ಯೂಬಿಗೆ ಔಷಧ ಹಾಕುತ್ತಾರೆ. ಅಲ್ಲಿ ರೋಗಿಗೆ ಒಂದು ಸೂಜಿಯೂ ಉಳಿಯುವುದಿಲ್ಲ, ಉಳಿದರೆ ನರ್ಸಿನ ಸಮಯ ಸ್ವಲ್ಪ. 2011ರ ಜನವರಿಯಿಂದ ಮೆಡಿಕೇರ್ (ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ) ಪ್ರತಿ ಡಯಾಲಿಸಿಸ್‌ಗೆ ಔಷಧವೂ ಸೇರಿದ ಒಟ್ಟು ಮೊತ್ತ ಕೊಡುತ್ತಿದೆ. ಹಾಗಾಗಿ ಈ ಔಷಧ ಕೇಂದ್ರಕ್ಕೆ ಆದಾಯವಲ್ಲ, ಬರೀ ಖರ್ಚು. ಖರೀದಿಯ ಬಹುಪಾಲು ದವಿತಾ, ಫ್ರೆಸೇನಿಯಸ್ ಎಂಬ ಎರಡು ಡಯಾಲಿಸಿಸ್ ಕೇಂದ್ರ ಜಾಲಗಳ ಕಡೆಯಿಂದ, ಅವರು ನೋಡುವುದು ದರ. 2018ರಿಂದ ರೆಟಾಕ್ರಿಟ್ ಎಂಬ ಬಯೋಸಿಮಿಲರ್ (ಎಪೊಜೆನ್‌ನ ತದ್ರೂಪಿ) ಕೂಡ ಇದೆ. ಹೊಸ ಔಷಧಕ್ಕೆ ಮೆಡಿಕೇರ್ ಎರಡು ವರ್ಷ ಪ್ರತ್ಯೇಕ ಹಣ ಕೊಡುವ ವ್ಯವಸ್ಥೆ ಇದೆ ನಿಜ, ಆದರೆ ಅರ್ಹತೆ ತಾನಾಗಿ ಬರುವುದಿಲ್ಲ, ಅವಧಿ ಮುಗಿದ ಮೇಲೆ ಆ ಆಸರೆಯೂ ಇಳಿಯುತ್ತದೆ.

ತಿಂಗಳಿಗೊಮ್ಮೆ ನಿಜವಾಗಿ ಬೇಕಾಗಿರುವುದು ಇನ್ನೂ ಡಯಾಲಿಸಿಸ್‌ಗೆ ಬಾರದ ರೋಗಿಗಳಿಗೆ. ಮಿರ್ಸೆರಾ ನಂತರ ಬಂದವರು ಎಡವಿದ್ದೂ ಅಲ್ಲೇ. ತಿಂಗಳಿಗೊಮ್ಮೆಯ ಇಂಜೆಕ್ಷನ್ ಪೆಗಿನೆಸಟೈಡ್‌ಗೆ ಡಯಾಲಿಸಿಸ್ ರೋಗಿಗಳಲ್ಲಿ ಹೃದಯದ ಅಪಾಯದ ಅನುಪಾತ (1 ದಾಟಿದರೆ ಹೋಲಿಸಿದ ಔಷಧಕ್ಕಿಂತ ಅಪಾಯ ಹೆಚ್ಚು) 0.95 ಬಂದರೆ, ಡಯಾಲಿಸಿಸ್ ಇಲ್ಲದವರಲ್ಲಿ 1.32. ಮಾತ್ರೆಯಾದ ವಡಡುಸ್ಟಾಟ್‌ದೂ ಅದೇ ಕಥೆ: 0.96 ಮತ್ತು 1.17. ಎರಡಕ್ಕೂ ಅಮೆರಿಕದಲ್ಲಿ ಕೊನೆಗೆ ಸಿಕ್ಕಿದ್ದು ಡಯಾಲಿಸಿಸ್‌ಗೆ ಮಾತ್ರ ಪರವಾನಗಿ. ಬೆಲೆ ಅಗ್ಗ ಇರುವುದಕ್ಕೆ ಮುಖ್ಯ ಕಾರಣ ಇದೇ: ಒಪ್ಪಿಗೆ ಸಿಗುವ ಕಡೆ ದೀರ್ಘಾವಧಿ ಬೇಕಿಲ್ಲ, ಬೇಕಿರುವ ಕಡೆ ಒಪ್ಪಿಗೆ ಸಿಗುವುದು ಕಷ್ಟ.

ಲೆಕ್ಕದಪುಸ್ತಕ:
ದುಡ್ಡಿನ ಕಡೆ ನೋಡೋಣ. 48ನ್ನು 9ರಿಂದ ಭಾಗಿಸಿದರೆ ಐದು ತ್ರೈಮಾಸಿಕ ಚಿಲ್ಲರೆ, ಅಂದರೆ 16 ತಿಂಗಳು. ಅದೂ ಈಗಿನ ಖರ್ಚಿನಲ್ಲಿ. ಮೂರನೇ ಹಂತ ಶುರುವಾದರೆ 9 ಅಲ್ಲೇ ನಿಲ್ಲುವುದಿಲ್ಲ. ಪೆಗಿನೆಸಟೈಡ್‌ಗೆ ನಾಲ್ಕು ಟ್ರಯಲ್, ಸುಮಾರು 2,600 ರೋಗಿಗಳು ಬೇಕಾದರು. ವಡಡುಸ್ಟಾಟ್‌ಗೆ 7,000 ದಾಟಿತು. ಹೃದಯದ ಸುರಕ್ಷತೆ ತೋರಿಸಬೇಕಾದರೆ ಸಣ್ಣ ಟ್ರಯಲ್ ಸಾಲದು.

ಇನ್ನೂ 120 ಮಿಲಿಯನ್ ಎತ್ತಬೇಕು ಅಂತಿಟ್ಟುಕೊಳ್ಳಿ. ಈಗಿನ ಬೆಲೆಗಿಂತ ಶೇ 20 ಕಡಿಮೆಗೆ ಮಾರಿದರೆ ಕಂಪನಿಗೆ ಕಟ್ಟಿದ ಬೆಲೆ 88 ಮಿಲಿಯನ್. ಈಗಿರುವ ಪ್ರತಿ 100 ಷೇರಿಗೆ 136 ಹೊಸ ಷೇರು ಹುಟ್ಟುತ್ತವೆ. ನಿಮ್ಮ ಶೇ 1ರ ಪಾಲು 0.42ಕ್ಕೆ ಇಳಿಯುತ್ತದೆ, ವಾರಂಟ್ (ಮುಂದೆ ನಿಗದಿತ ಬೆಲೆಗೆ ಹೊಸ ಷೇರು ಕೊಳ್ಳುವ ಹಕ್ಕು) ಲೆಕ್ಕಕ್ಕೆ ಹಿಡಿಯದೆ. 10-ಕ್ಯೂನಲ್ಲಿ (ತ್ರೈಮಾಸಿಕ ವರದಿ) ಬಾಕಿ ವಾರಂಟ್‌ಗಳ ಪಟ್ಟಿ ನೋಡಿ, ಎಸ್-3 (ಹೊಸ ಷೇರು ಮಾರಲು ನೋಂದಣಿ) ಸಲ್ಲಿಸಿದ್ದಾರಾ ನೋಡಿ. ದೊಡ್ಡ ಪಾಲುದಾರ ಕಂಪನಿ ಬಂದರೆ ಲೆಕ್ಕ ಬದಲಾಗುತ್ತದೆ. ಆದರೆ ಪಾಲುದಾರರೂ ಎದ್ದು ಹೋಗುತ್ತಾರೆ: 2022ರ ಮಾರ್ಚ್‌ನಲ್ಲಿ ಎಫ್‌ಡಿಎ ವಡಡುಸ್ಟಾಟ್ ತಿರಸ್ಕರಿಸಿದ ಮೇಲೆ ಪಾಲುದಾರ ಕಂಪನಿ ಒಟ್ಸುಕಾ ಒಪ್ಪಂದ ಬಿಟ್ಟಿತು. ಔಷಧಕ್ಕೆ ಒಪ್ಪಿಗೆ ಬಂದದ್ದು 2024ರ ಮಾರ್ಚ್‌ನಲ್ಲಿ.

ಕೆಂಪುಕಣ:
ಸರಾಸರಿ 10–11 ಅನ್ನುವುದನ್ನು ಅಷ್ಟಕ್ಕೇ ನಂಬಬೇಡಿ. ಅರ್ಧ ಜನ 9, ಅರ್ಧ ಜನ 12 ಇದ್ದರೂ ಸರಾಸರಿ ಅದೇ. ಈ ಗುಂಪಿನ ಔಷಧಗಳಲ್ಲಿ ಎರಡು ವಾರದೊಳಗೆ ಹಿಮೋಗ್ಲೋಬಿನ್ 1 ಗ್ರಾಂ ಮೀರಿ ಏರಿದರೆ ಡೋಸ್ ಶೇ 25 ಅಥವಾ ಹೆಚ್ಚು ಇಳಿಸಬೇಕು, ಅತಿ ಏರಿಕೆ ಅಪಾಯಕಾರಿ. ಎಪೊಜೆನ್‌ನಲ್ಲಿ ಮುಂದಿನ ಡೋಸೇ ನಾಡಿದ್ದು, ತಕ್ಷಣ ತಡೆಯಬಹುದು. ತಿಂಗಳ ಔಷಧ ಒಳಗೆ ಹೋದ ಮೇಲೆ ವಾಪಸು ತೆಗೆಯಲಾಗದು. ಆದ್ದರಿಂದ ಎಷ್ಟು ಜನ 12 ದಾಟಿದರು ಅನ್ನುವ ಅಂಕಿ ಹುಡುಕಿ. ಟ್ರಯಲ್‌ನ ಎರಡೂ ಗುಂಪಿನಲ್ಲಿ (ಈ ಔಷಧ ಪಡೆದವರು, ಹೋಲಿಕೆಗೆ ಇಟ್ಟವರು) ನರಕ್ಕೆ ಕೊಟ್ಟ ಕಬ್ಬಿಣಾಂಶ ಮತ್ತು ರಕ್ತಪೂರಣ ಎಷ್ಟು ಅಂತಲೂ ನೋಡಿ. ಒಂದು ಗುಂಪಿಗೆ ಹೆಚ್ಚು ಕಬ್ಬಿಣ ಹೋಗಿದ್ದರೆ ಹಿಮೋಗ್ಲೋಬಿನ್ ಏರಿದ ಶ್ರೇಯ ಔಷಧದ್ದಲ್ಲ.

ಹಸಿರುಕ್ಯಾಂಡಲ್:
ಉಪಕಾರವಾಯ್ತು. 10-ಕೆ (ವಾರ್ಷಿಕ ವರದಿ) ತೆಗೆದು ನೋಡಿದೆ. ಎರಡನೇ ಹಂತಕ್ಕೆ ವಯಲ್ (ಔಷಧದ ಪುಟ್ಟ ಬಾಟಲಿ) ಬಳಸಿದ್ದಾರೆ, ಮೂರನೇ ಹಂತಕ್ಕೂ ಅದೇ. ಮಾರುಕಟ್ಟೆಗೆ ಮಾತ್ರ ಮೊದಲೇ ತುಂಬಿದ ಸಿರಿಂಜ್, ತಯಾರಕರೂ ಬೇರೆ. ಇದು ದೊಡ್ಡ ವಿಷಯವೇ?

ವಯಲ್‌ಮುಚ್ಚಳ:
ಬಹಳ ದೊಡ್ಡದು. ಯುರೋಪಿನಲ್ಲಿ 1998ರಲ್ಲಿ ಎಪ್ರೆಕ್ಸ್ ಎಂಬ ಎರಿತ್ರೊಪೊಯೆಟಿನ್ ಔಷಧದಿಂದ, ಅದು ಕೆಡದಂತೆ ಹಾಕುತ್ತಿದ್ದ ಆಲ್ಬುಮಿನ್ ತೆಗೆದು ಪಾಲಿಸಾರ್ಬೇಟ್ 80 ಹಾಕಿದರು. ಮುಂದಿನ ವರ್ಷಗಳಲ್ಲಿ, ಚರ್ಮದಡಿ ತೆಗೆದುಕೊಂಡವರಲ್ಲಿ ಮುಖ್ಯವಾಗಿ, ದೇಹ ಔಷಧದ ಜತೆಗೆ ತನ್ನದೇ ಎರಿತ್ರೊಪೊಯೆಟಿನ್ ವಿರುದ್ಧವೂ ಪ್ರತಿಕಾಯ ಬೆಳೆಸಿ ಮಜ್ಜೆ ಕೆಂಪುಕಣ ಮಾಡುವುದನ್ನೇ ನಿಲ್ಲಿಸಿದ ಪ್ರಕರಣಗಳು ಏರಿದವು. ಸಿರಿಂಜಿನ ರಬ್ಬರ್‌ನಿಂದ ಒಸರಿದ ಅಂಶಗಳ ಮೇಲೂ ಅನುಮಾನ ಹೋಯಿತು. ನಿಮ್ಮದೂ ಎರಿತ್ರೊಪೊಯೆಟಿನ್ನೇ, ಚರ್ಮದಡಿಯೇ, ಸಿರಿಂಜೇ.

ಪೆಗಿನೆಸಟೈಡ್ ಇನ್ನೊಂದು ಬಗೆ. 2012ರ ಮಾರ್ಚ್‌ನಲ್ಲಿ ಒಪ್ಪಿಗೆ, 2013ರ ಫೆಬ್ರವರಿಯಲ್ಲಿ ವಾಪಸು. 25,000ಕ್ಕೂ ಹೆಚ್ಚು ರೋಗಿಗಳಿಗೆ ಹೋಗಿತ್ತು, ಮೊದಲ ಡೋಸ್ ನರಕ್ಕೆ ಕೊಟ್ಟ ಅರ್ಧ ಗಂಟೆಯೊಳಗೆ ಶೇ 0.02ರಷ್ಟು ಜನ ತೀವ್ರ ಅಲರ್ಜಿಯಿಂದ ಸತ್ತರು. 2,600 ಜನರ ಟ್ರಯಲ್‌ನಲ್ಲಿ ಅಂಥದ್ದು ಕಣ್ಣಿಗೆ ಬೀಳುವುದು ಕಷ್ಟ. ಅದರಲ್ಲೂ ಟ್ರಯಲ್‌ಗೆ ಬಳಸಿದ್ದು ಒಂದೇ ಡೋಸಿನ ವಯಲ್, ಮಾರುಕಟ್ಟೆಗೆ ಹೋದದ್ದು ಹಲವು ಡೋಸಿನದು. ಎರಡನೆಯದರಲ್ಲಿ ಬರಿಗಣ್ಣಿಗೆ ಕಾಣದ ಕಣಗಳು ಹೆಚ್ಚಿದ್ದವೆಂದು ಎಫ್‌ಡಿಎ ವಿಜ್ಞಾನಿಗಳು ಆಮೇಲೆ ಪರೀಕ್ಷಿಸಿ ತೋರಿಸಿದರು. ಅದನ್ನು ರೂಪಿಸಿದ ಅಫಿಮ್ಯಾಕ್ಸ್ ಕಂಪನಿಯ ಷೇರು ಒಂದೇ ದಿನ ಶೇ 85ರಷ್ಟು ಕುಸಿಯಿತು, ಕಂಪನಿ ಮತ್ತೆ ಏಳಲಿಲ್ಲ.

ಹೂಡಿಕೆದಾರರ ಕರೆಯಲ್ಲಿ ಕೇಳಬೇಕಾದದ್ದು: ಮೂರನೇ ಹಂತದಲ್ಲೇ ಸಿರಿಂಜ್ ಯಾಕೆ ಬಳಸುತ್ತಿಲ್ಲ? ಹೊಸ ತಯಾರಕರ ಬ್ಯಾಚಿನಲ್ಲಿ 10 ಮೈಕ್ರಾನ್‌ಗಿಂತ ಸಣ್ಣ ಕಣಗಳನ್ನೂ ಎಣಿಸಿದ್ದೀರಾ? ಪೆಗ್ ವಿರುದ್ಧದ ಪ್ರತಿಕಾಯ, ಎರಿತ್ರೊಪೊಯೆಟಿನ್ ವಿರುದ್ಧದ ಪ್ರತಿಕಾಯ ಇವೆರಡನ್ನೂ ಬೇರೆಬೇರೆಯಾಗಿ ಅಳೆದಿದ್ದೀರಾ? ಮೊದಲ ಪ್ರಶ್ನೆಗೆ "ವೆಚ್ಚ ಉಳಿಸಲು" ಅಂತ ಉತ್ತರ ಬಂದರೆ ನಾನಂತೂ ಕೊಳ್ಳುವುದಿಲ್ಲ.