ಅಪ್‌ಡೇಟ್: ಕೆನಡಾದ ಕ್ಯಾಲ್ಗರಿ ಮನೆಯ ಅಟ್ಟದಲ್ಲಿ ಹಿಮ, ಸೀಲಿಂಗ್‌ನಿಂದ ನೀರು

ಮೈನಸ್ 30ರ ಚಳಿ ಕಳೆದು ಬೆಚ್ಚನೆಯ ಶಿನೂಕ್ ಗಾಳಿ ಬೀಸಿದ ಕೂಡಲೇ ಸೀಲಿಂಗ್ ತೊಟ್ಟಿಕ್ಕುತ್ತೆ, ಆದ್ರೆ ಮಾಡಿನಲ್ಲಿ (ಛಾವಣಿಯಲ್ಲಿ) ತೂತಿಲ್ಲ, ಯಾಕೆ ಅಂತ ಕೇಳಿದ್ದೆ. ಬಗೆಹರೀತು: ಮನೆಯೊಳಗಿನ ತೇವದ ಗಾಳಿ ಸಂದುಗಳಿಂದ ಅಟ್ಟಕ್ಕೆ ಸೋರಿ, ಚಳಿಗೆ ಹಿಮವಾಗಿ ಕಟ್ಟಿ, ಶಿನೂಕ್ ಬಂದಾಗ ಕರಗಿ ತೊಟ್ಟಿಕ್ಕುತ್ತಿತ್ತು.

ಇನ್ನೊಂದು ಪದರ ಇನ್ಸುಲೇಷನ್ ಹಾಕಿ ಅನ್ನೋ ಸಲಹೆ ಕೈಕೊಟ್ಟಿತು. ಉದುರು ಸೆಲ್ಯುಲೋಸ್ (ಕಾಗದದ ಚೂರಿನ ಇನ್ಸುಲೇಷನ್) ಶಾಖ ತಡೆಯುತ್ತೆ, ಗಾಳಿಯನ್ನ ಪೂರ್ತಿ ತಡೆಯಲ್ಲ. ಅಟ್ಟ ಇನ್ನಷ್ಟು ತಣ್ಣಗಾಗಿ, ಮಾಡಿನ ಹಲಗೆ ಅಡಿ ಹಿಮ ಹೆಚ್ಚೇ ಕಟ್ಟಿತು. ಅಟ್ಟಕ್ಕೆ ಕರೆಂಟ್ ಫ್ಯಾನ್ ಕೂರಿಸೋದಂತೂ ಬೇಡ; ಅದು ಮನೆಯೊಳಗಿನ ತೇವದ ಗಾಳಿಯನ್ನೇ ಮೇಲಕ್ಕೆ ಎಳೆಯುತ್ತೆ.

ಕೆಲಸ ಮಾಡಿದ್ದು "ಮೊದಲು ಸೋರಿಕೆ ಮುಚ್ಚಿ" ಅಂದವರ ಮಾತು. ಬ್ಲೋವರ್ ಡೋರ್ (ಸೋರಿಕೆ ಪತ್ತೆಗೆ ಹೊರಬಾಗಿಲಿಗೆ ಕೂರಿಸೋ ದೊಡ್ಡ ಫ್ಯಾನ್) ಇಟ್ಟು 50 ಪ್ಯಾಸ್ಕಲ್ ಒತ್ತಡ ವ್ಯತ್ಯಾಸದಲ್ಲಿ ಹುಡುಕಿದಾಗ ಸೀಲಿಂಗ್ ಲೈಟ್‌ಗಳ ಸುತ್ತ ಸೋರಿಕೆ ಇದ್ದಿದ್ದು ನಿರೀಕ್ಷಿತವೇ. ಅಚ್ಚರಿ ಅಂದ್ರೆ ಒಳಗೋಡೆಗಳ ತಲೆಪಟ್ಟಿ (ಗೋಡೆಯ ಮೇಲ್ತುದಿಯ ಅಡ್ಡಮರ): ವೈರ್ ಹೋಗೋ ಒಂದೊಂದು ತೂತೂ ಪುಟ್ಟ ಚಿಮಣಿ! ಸೆಲ್ಯುಲೋಸ್ ಸರಿಸಿ, ವೈರ್ ಮತ್ತು ಪೈಪ್ ಸುತ್ತ ಸ್ಪ್ರೇ ಫೋಮ್ ತುಂಬಿ, ಅಟ್ಟದ ಮುಚ್ಚಳಕ್ಕೆ ಫೋಮ್ ಪಟ್ಟಿ ಅಂಟಿಸಿದ್ದಾಯ್ತು. ಫರ್ನೇಸ್ (ಮನೆ ಬಿಸಿಮಾಡೋ ಯಂತ್ರ) ಹೊಗೆಕೊಳವೆ ಸುತ್ತ ಮಾತ್ರ ಫೋಮ್ ಹಾಕಬಾರದು. ಅಲ್ಲಿ ತಗಡು, ಬಿಸಿ ತಡೆಯೋ ಸೀಲಂಟ್.

ಬಚ್ಚಲು ಫ್ಯಾನಿನ ಡಕ್ಟ್ ಕಳಚಿಕೊಂಡು ಆವಿಯೆಲ್ಲ ಅಟ್ಟಕ್ಕೇ ಸುರೀತಿತ್ತು. ಜೋಡಿಸಿ, ಇನ್ಸುಲೇಷನ್ ಸುತ್ತಿ, ಮಾಡಿನ ಆಚೆಗೆ ಬಿಟ್ಟಿದ್ದೇನೆ. ತೀವ್ರ ಚಳಿಯಲ್ಲಿ ಹ್ಯೂಮಿಡಿಫೈಯರ್ (ಮನೆಯ ಗಾಳಿಗೆ ತೇವ ಸೇರಿಸೋ ಯಂತ್ರ) 40ರಿಂದ 25 ಶೇಕಡಕ್ಕೆ ಇಳಿಸಿದೆ.

ನಿನ್ನೆ ಮತ್ತೆ ಶಿನೂಕ್ ಬಂತು. ಹಲಗೆ ಒಣಗೇ ಇದೆ, ಒಂದೆರಡು ಮೊಳೆತುದಿಯಲ್ಲಷ್ಟೇ ಹಿಮದ ಚುಕ್ಕೆ.