ಅಪ್ಪನ ಹದಿಮೂರು ಗುಳಿಗಿ: ಓದುಗರ ಸ್ಪಂದನ

ಕಳೆದ ವಾರದ ಸಮಸ್ಯೆ: ನಮ್ಮ ತಂದೆ ನಿವೃತ್ತ ಹವಾಲ್ದಾರ್, ವಯಸ್ಸು 72. ಗೋಕಾಕ ತಾಲ್ಲೂಕಿನ ಹಳ್ಳಿಯಲ್ಲಿದ್ದೇವೆ. ಮಾಜಿ ಸೈನಿಕರಿಗೆಂದು ಇರುವ ಬೆಳಗಾವಿಯ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ನಿಂದ 7, ಖಾಸಗಿ ವೈದ್ಯರಿಂದ 6, ಹೀಗೆ ದಿನಕ್ಕೆ 13 ಥರದ ಗುಳಿಗಿ. ಕಾಲು ಬಾತಿವೆ. ರಾತ್ರಿ ಮೂತ್ರಕ್ಕೆ ಎದ್ದಾಗ ತಲೆ ತಿರುಗಿ ಒಮ್ಮೆ ಬಿದ್ದಿದ್ದಾರೆ. ಇಷ್ಟನ್ನೂ ಹೊತ್ತಿಗೆ ಸರಿಯಾಗಿ ಕೊಡುವುದು ಹೇಗೆ? ಪಟ್ಟಿ ಜೊತೆಗಿಟ್ಟಿದ್ದೇನೆ.

ಔಷಧ ಅಂಗಡಿಯವರು, ಬೆಳಗಾವಿ

ಹೊತ್ತಿನ ಮಾತು ಆಮೇಲೆ. ನಿಮ್ಮ ಪಟ್ಟಿಯಲ್ಲಿ ಎರಡು ಔಷಧಿ ಬೇರೆ ಬೇರೆ ಹೆಸರಲ್ಲಿ ಎರಡೆರಡು ಸಲ ಹೊಟ್ಟೆಗೆ ಹೋಗುತ್ತಿವೆ. ಪಾಲಿಕ್ಲಿನಿಕ್‌ನವರು ಬಿಪಿಗೆಂದು ಟೆಲ್ಮಿಸಾರ್ಟಾನ್ 40, ಅಮ್ಲೋಡಿಪಿನ್ 5 ಕೊಟ್ಟಿದ್ದಾರೆ. ಖಾಸಗಿ ಚೀಟಿಯಲ್ಲಿ ‘ಎಎಂ’ ಎಂಬ ಬಾಲವಿರುವ ಜೋಡು ಗುಳಿಗಿ ಇದೆಯಲ್ಲ, ಅದರೊಳಗೂ ಇವೇ ಎರಡು, ಅಷ್ಟೇ ಪ್ರಮಾಣದಲ್ಲಿ. ಒಟ್ಟು 80 ಮತ್ತು 10 ಮಿಲಿಗ್ರಾಂ ಆಯಿತು, ಎರಡೂ ದಿನದ ಗರಿಷ್ಠ ಡೋಸು. ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸದಿದ್ದರೆ ಹೀಗೇ ಆಗುವುದು. ಬಾಲಗಳನ್ನು ಓದಲು ಕಲಿಯಿರಿ: ಬಿಪಿ ಗುಳಿಗಿಯ ‘ಎಚ್’ ಅಂದರೆ ಮೂತ್ರ ಹೆಚ್ಚಿಸುವ ಔಷಧಿ, ನೋವಿನ ಗುಳಿಗಿಯ ‘ಪಿ’ ಅಂದರೆ ಪ್ಯಾರಾಸಿಟಮಾಲ್.

ಇನ್ನು ಕಾಲು ಬಾವು. ಅಮ್ಲೋಡಿಪಿನ್ 10ಕ್ಕೆ ಏರಿದಾಗ ಹಲವರಿಗೆ ಪಾದ ಬಾಯುತ್ತದೆ. ಸಣ್ಣ ರಕ್ತನಾಳ ಸಡಿಲಾಗಿ ನೀರು ಜಿನುಗುವುದರಿಂದ ಬರುವ ಬಾವು ಅದು, ಮೈಯಲ್ಲಿ ಉಪ್ಪು-ನೀರು ನಿಂತು ಬಂದದ್ದಲ್ಲ. ಹಾಗಾಗಿ ಅದಕ್ಕೆ ಮೂತ್ರ ಹೆಚ್ಚಿಸುವ ಲ್ಯಾಸಿಕ್ಸ್ ಕೊಟ್ಟರೆ ಬಾವು ಅಷ್ಟಾಗಿ ಇಳಿಯುವುದಿಲ್ಲ, ಮೂತ್ರ ಮಾತ್ರ ಜಾಸ್ತಿಯಾಗುತ್ತದೆ. ಪದೇ ಪದೇ ಮೂತ್ರ ಅಂದಿದ್ದಕ್ಕೆ ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಇರಬೇಕೆಂದು ಟ್ಯಾಮ್ಸುಲೋಸಿನ್ ಸೇರಿರಬಹುದು, ಅದು ಎದ್ದು ನಿಂತಾಗ ಬಿಪಿ ಇಳಿಸುತ್ತದೆ. ನಿದ್ದೆಗೆಟ್ಟಿದ್ದಕ್ಕೆ ಕ್ಲೋನಾಜೆಪಾಮ್ 0.5, ಅದು ಹೆಜ್ಜೆ ತಪ್ಪಿಸುತ್ತದೆ. ಬಿದ್ದ ನೋವಿಗೆ ಅಸಿಕ್ಲೋಫೆನಾಕ್. ಒಂದು ಗುಳಿಗಿ ಇನ್ನೊಂದನ್ನು ಹಡೆಯುವುದು ಹೀಗೆ. ಹೃದಯ, ಮೂತ್ರಪಿಂಡ ಕೆಟ್ಟರೂ ಕಾಲು ಬಾಯುತ್ತದೆ, ಆದ್ದರಿಂದ ತೀರ್ಮಾನ ವೈದ್ಯರದೇ. ಆದರೆ ಈ ಸರಪಳಿಯನ್ನು ಅವರ ಮುಂದೆ ಇಡುವುದು ನಿಮ್ಮ ಕೆಲಸ.

ನನಗೆ ಹೆಚ್ಚು ಹೆದರಿಕೆ ಆ ನೋವಿನ ಗುಳಿಗಿಯದು. ಟೆಲ್ಮಿಸಾರ್ಟಾನ್, ಲ್ಯಾಸಿಕ್ಸ್, ಅಸಿಕ್ಲೋಫೆನಾಕ್ ಮೂರೂ ಕೂಡಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ಅದರಲ್ಲೂ ಬೇಸಿಗೆಯಲ್ಲಿ, ವಾಂತಿ-ಭೇದಿಯಾದಾಗ. ಆಸ್ಪಿರಿನ್ 75 ಬೇರೆ ಇದೆ, ಹೊಟ್ಟೆಯೊಳಗೆ ರಕ್ತ ಒಸರಬಹುದು. ಮಲ ಡಾಂಬರಿನಂತೆ ಕಪ್ಪಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮೂತ್ರಪಿಂಡದ ಸ್ಥಿತಿ ತಿಳಿಯಲು ಕ್ರಿಯಾಟಿನಿನ್, ಪೊಟ್ಯಾಸಿಯಮ್ ರಕ್ತಪರೀಕ್ಷೆ ಮಾಡಿಸಿ. ಬಿಪಿಗೆಂದು ‘ಕಡಿಮೆ ಸೋಡಿಯಂ’ ಉಪ್ಪು ತರುತ್ತಿದ್ದರೆ ಬಿಟ್ಟುಬಿಡಿ. ಅದರಲ್ಲಿ ಪೊಟ್ಯಾಸಿಯಮ್ ಇರುತ್ತದೆ, ಟೆಲ್ಮಿಸಾರ್ಟಾನ್ ಮೊದಲೇ ಅದನ್ನು ಮೈಯಲ್ಲಿ ಉಳಿಸುತ್ತದೆ.

ಎರಡು ಸಲ ಹೋಗುತ್ತಿರುವುದರ ಬಗ್ಗೆ ಇವತ್ತೇ ವೈದ್ಯರಿಗೆ ಫೋನ್ ಮಾಡಿ. ಯಾವುದನ್ನೂ ನೀವೇ ನಿಲ್ಲಿಸಬೇಡಿ. ಕ್ಲೋನಾಜೆಪಾಮ್ ದಿಢೀರನೆ ಬಿಟ್ಟರೆ ಫಿಟ್ಸ್ ಕೂಡ ಬರಬಹುದು, ಅದನ್ನು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿದ್ದರೆ ವೈದ್ಯರನ್ನು ಕೇಳದೆ ಆಸ್ಪಿರಿನ್ ನಿಲ್ಲಿಸಲೇಬೇಡಿ.

ನಿವೃತ್ತ ನರ್ಸಿಂಗ್ ಅಸಿಸ್ಟೆಂಟ್, ಆರ್ಮಿ ಮೆಡಿಕಲ್ ಕೋರ್, ಬಾಗಲಕೋಟೆ

ತಮ್ಮಾ, ಡಾಕ್ಟರ್ ಹತ್ರ ಹೋಗೋ ಮೊದ್ಲ ಮೂರು ದಿನ ಇದನ್ನ ಬರದಿಡು. ಅಪ್ಪಾರನ್ನ 5 ನಿಮಿಷ ಮಲಗಿಸಿ ಬಿಪಿ ನೋಡು. ಆಮ್ಯಾಲ ನಿಂದ್ರಿಸಿ 1 ನಿಮಿಷ ಆದಮ್ಯಾಲ ಒಮ್ಮೆ, 3 ನಿಮಿಷ ಆದಮ್ಯಾಲ ಇನ್ನೊಮ್ಮೆ ನೋಡು. ಮ್ಯಾಲಿನ ಅಂಕಿ 20 ಇಲ್ಲಾ ಕೆಳಗಿನ ಅಂಕಿ 10 ಇಳೀತಂದ್ರ, ಬೀಳೂದಕ್ಕ ಕಾರಣ ಅಲ್ಲೇ ಇರಬಹುದು. ‘ತಲಿ ತಿರಗತೈತಿ’ ಅಂತ ಬಾಯಿಲೆ ಹೇಳಿದ್ರ ಇನ್ನೊಂದು ಗುಳಿಗಿ ಬರೀತಾರ. ಅಂಕಿ ತೋರಿಸಿದ್ರ ಇದ್ದದ್ದನ್ನ ತಗೀತಾರ.

ಲ್ಯಾಸಿಕ್ಸ್ ಸಂಜೀಕ ಕೊಡಾಕತ್ತಿದ್ರ ಮುಂಜಾನಿಗೆ ತರಬಹುದೇನು ಅಂತ ಕೇಳು. ರಾತ್ರಿ ಏಳೂದು ಕಡಿಮಿ ಆದೀತು. ಮಂಚದ ಬಾಜೂಕ ಮೂತ್ರದ ಬಾಟ್ಲಿ ಇಡು. ಏಳಬೇಕಂದ್ರ ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಎರಡು ನಿಮಿಷ ಕೂತು, ಪಾದ ಹತ್ತಿಪ್ಪತ್ತು ಸಲ ಮ್ಯಾಲ-ಕೆಳಗ ಆಡಿಸಿ, ಆಮ್ಯಾಲ ನಿಂದ್ರಲಿ.

ಇನ್ನೊಂದು. ಪಾಲಿಕ್ಲಿನಿಕ್‌ನ್ಯಾಗ ಈ ಸಲ ಬಂದ ಕಂಪನಿ ಮುಂದಿನ ಸಲ ಬರೂದಿಲ್ಲ. ಬಿಳೀ ದುಂಡಂದು ಹಳದೀ ಉದ್ದಂದು ಆಗಿರತೈತಿ. ಬಣ್ಣಾ ನೋಡಿ ಗುರ್ತು ಹಿಡದ್ರ ಹಳೇದೂ ಹೊಸದೂ ಎರಡೂ ನುಂಗತಾರ. ಔಷಧಿ ಕೊಡೋ ಕಿಟಕಿ ಬಿಟ್ಟು ಸರಿಯೂಕಿಂತ ಮೊದ್ಲ ಗುಳಿಗಿ ಪಟ್ಟಿ (ಸ್ಟ್ರಿಪ್) ಹಿಂದ ಬರದಿರೋ ಔಷಧಿಯ ಮೂಲ ಹೆಸರನ್ನ ಚೀಟಿ ಕೂಡ ಹೊಂದಿಸಿ ನೋಡು. ಸ್ಟಾಕ್ ಇಲ್ಲಂದ ಔಷಧಿ ಹೊರಗ ಕೊಂಡಿದ್ರ, ಮುಂದಿನ ತಿಂಗಳು ಒಳಗ ಸಿಕ್ಕಾಗ ಹೊರಗಿನದು ಬಂದ್. ಪಟ್ಟಿ ಕತ್ತರಿಸಿದ್ರ ಹೆಸರು, ತಾರೀಖು ಇರೋ ತುದಿ ಕಡೀತನಾ ಉಳಿಸು.

ಡಬ್ಬಿ ತಂದ್ರ ದಿನಕ್ಕ ನಾಕು ಖಾನೆ ಇರೋದು ತಾ, ಒಂದ ವಾರದ್ದು ತುಂಬು. ಹೆಚ್ಚಿಗಿ ತುಂಬಿದ್ರ ಮಳಿಗಾಲದಾಗ ಥಂಡಿ ಹಿಡದು ಗುಳಿಗಿ ಕೆಡತಾವ. ‘ಎಸ್‌ಆರ್’, ‘ಎಕ್ಸ್‌ಎಲ್’ ಅಂತ ಇದ್ದದ್ದನ್ನ ಕುಟ್ಟಿ ಪುಡಿ ಮಾಡಬ್ಯಾಡ. ದಿನಪೂರ್ತಿ ಬಿಡೋ ಔಷಧಿ ಒಮ್ಮೆಲೇ ಮೈಗೆ ಇಳೀತೈತಿ.

ಬೆಳಗಾವಿಗೆ ಹೋದಾಗ ಖಾಸಗಿ ಚೀಟೀನೂ ಮೆಡಿಕಲ್ ಆಫೀಸರ್ ಮುಂದ ಇಟ್ಟು, ‘ಸರ್, ಎಲ್ಲಾ ಸೇರಿಸಿ ಒಂದ ಚೀಟಿ ಬರದ ಕೊಡ್ರಿ’ ಅಂತ ಕೇಳು. ಹೋಗಾಕ ಆಗದಿದ್ರ, ಮಾಜಿ ಸೈನಿಕರಿಗೂ ಅಂತ 2021ರಾಗ ಸುರು ಮಾಡಿದ ಸೇಹತ್ ಒಪಿಡಿ ಐತಿ, ವಿಡಿಯೋದಾಗ ಡಾಕ್ಟರ್ ಸಿಗತಾರ.

ಸಮುದಾಯ ಆರೋಗ್ಯ ಅಧಿಕಾರಿ, ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ

ಪಟ್ಟಿಯಲ್ಲಿ ಸಕ್ಕರೆ ಕಾಯಿಲೆಯ ಗುಳಿಗಿ ಗ್ಲಿಮಿಪಿರೈಡ್ ಇರುವುದನ್ನು ಯಾರೂ ಎತ್ತಿಲ್ಲ. ಊಟ ಇರಲಿ, ಬಿಡಲಿ, ಅದು ಸಕ್ಕರೆಯನ್ನು ಇಳಿಸುತ್ತದೆ. ಫೌಜಿಗಳ ಶಿಸ್ತು ಇಲ್ಲೇ ಕೈಕೊಡುವುದು: ಏಕಾದಶಿಯ ಉಪವಾಸ, ಶ್ರಾವಣ ಸೋಮವಾರದ ಒಪ್ಪತ್ತು ಎಲ್ಲ ಮಾಡಿ, ಗುಳಿಗಿಯನ್ನು ಮಾತ್ರ ಆರ್ಡರ್ ಬಂದಂತೆ ಹೊತ್ತಿಗೆ ನುಂಗುತ್ತಾರೆ. ಉಪವಾಸದ ದಿನ ಏನು ಮಾಡಬೇಕೆಂದು ಮೊದಲೇ ಕೇಳಿ ಚೀಟಿಯ ಮೇಲೆ ಬರೆಸಿಕೊಳ್ಳಿ. ರಾತ್ರಿ ಬಿದ್ದಾಗ ಮೈ ಬೆವೆತಿತ್ತೇ, ಕೈ ನಡುಗುತ್ತಿತ್ತೇ? ಅದು ಸಕ್ಕರೆ ಇಳಿದ ಗುರುತಿರಬಹುದು. ಮತ್ತೆ ಹಾಗಾದರೆ ಗ್ಲುಕೋಮೀಟರ್‌ನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರಿದ ಮೇಲೆ ರೊಟ್ಟಿಯನ್ನೋ ಅನ್ನವನ್ನೋ ಉಣಿಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ.

ಪಾದ ಜುಮುಜುಮು ಎನ್ನುತ್ತಿದ್ದರೆ ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ. ವರ್ಷಗಟ್ಟಲೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಹೊಟ್ಟೆಯ ಆಮ್ಲಕ್ಕೆ ಪ್ಯಾಂಟೊಪ್ರಜೋಲ್ ಎರಡೂ ತಗೊಂಡರೆ ಅದು ಕಡಿಮೆಯಾಗಬಹುದು. ಇಲ್ಲದಿದ್ದರೆ ನರದ ತೊಂದರೆ ಎಂದು ಹದಿನಾಲ್ಕನೆಯ ಗುಳಿಗಿ ಬಂದೀತು.

ಓದುಗರು, ಬೈಲಹೊಂಗಲ

ವೈದ್ಯರು ಯಾವುದನ್ನಾದರೂ ನಿಲ್ಲಿಸಿದರೆ ಉಳಿದ ಗುಳಿಗಿ ಪಟ್ಟಿಗಳನ್ನು ಅವತ್ತೇ ಮನೆಯ ಡಬ್ಬಿಯಿಂದ ತೆಗೆದುಹಾಕಿ. ‘ದುಡ್ಡಿನದು, ಇರಲಿ’ ಎಂದು ದೇವರ ಗೂಡಿನ ಹಿಂದೆ ಇಟ್ಟದ್ದು ಒಂದು ವಾರದಲ್ಲಿ ಮತ್ತೆ ಅಂಗೈಗೆ ಬಂದಿರುತ್ತದೆ.